ಸಮಾಧಿಯ ಮೇಲಿನ ಕುಂಡಕ್ಕೆ ಮಣ್ಣು

ನಮ್ಮ ಇಗರ್ಜಿಯ ಸಿಮೆಟರಿಯಲ್ಲಿ ಸಮಾಧಿಯ ಮೇಲೆ ಗಿಡ ನೆಡುವ ಹಾಗಿಲ್ಲ. ಬೇರು ಇಳಿದರೆ ಮುಂದೆ ಅಗೆಯುವವರಿಗೆ ಕಷ್ಟವಾಗುತ್ತದೆ ಎನ್ನುತ್ತಾರೆ. ಕುಂಡ ಇಟ್ಟರೆ ಯಾರೂ ಬೇಡವೆನ್ನುವುದಿಲ್ಲ. ಹಾಗಾಗಿ ಮಗಳು ತೀರಿಕೊಂಡ ವರ್ಷ, ಮಳೆ ಸ್ವಲ್ಪ ಬಿಡುವು ಕೊಟ್ಟಾಗ, ನನ್ನ ಹೆಂಡತಿ ಒಂದು ಮಣ್ಣಿನ ಕುಂಡದಲ್ಲಿ ಮಲ್ಲಿಗೆ ಗಿಡ ನೆಟ್ಟು ಸಮಾಧಿಯ ತಲೆಯ ಕಡೆ ಇಟ್ಟು ಬಂದಳು. ಮಳೆಗಾಲ ಮುಗಿಯುವ ಮೊದಲೇ ಅದು ಸತ್ತಿತು.

ಅವಳು ಶಂಕರಪುರದ ಮಲ್ಲಿಗೆ ಬೆಳೆಯುವ ಮನೆಯಲ್ಲಿ ಹುಟ್ಟಿದವಳು. ಮಾತು ಬರುವ ಮೊದಲೇ ಮೊಗ್ಗು ಕೊಯ್ಯಲು ಕಲಿತವಳು ಎಂದು ಅವಳ ತವರಿನವರು ತಮಾಷೆ ಮಾಡುತ್ತಿದ್ದರು. ಕಾಪು ಕಡೆ ಹೋಗುವ ದಾರಿಯಲ್ಲಿರುವ ನಮ್ಮ ಮನೆಯ ಅಂಗಳದಲ್ಲೂ ಮಲ್ಲಿಗೆಯದ್ದೇ ಸಾಲು. ಬೆಳಿಗ್ಗೆ ಎದ್ದು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂ ಒಯ್ಯುವವನು ಬರುವಷ್ಟರಲ್ಲಿ ನಾಲ್ಕು ನಾಲ್ಕು ಚೆಂಡು ಸೇರಿಸಿ ಅಟ್ಟೆ ಮಾಡಿ ಇಡುತ್ತಿದ್ದಳು. ಅಂಥವಳ ಕೈಯಲ್ಲಿ ಮಲ್ಲಿಗೆ ಸತ್ತಿತೆಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ನೆಲದಲ್ಲಿ ಗಿಡ ಬೆಳೆಸುವುದು ಬೇರೆ, ಕುಂಡದಲ್ಲಿ ಬೆಳೆಸುವುದು ಬೇರೆ. ಅದರಲ್ಲೂ ಜೂನಿನಿಂದ ಸೆಪ್ಟೆಂಬರಿನವರೆಗೆ ಬಯಲಿನಲ್ಲಿ ಮಳೆ ಹೊಡೆಸಿಕೊಂಡು, ಮತ್ತೆ ಏಪ್ರಿಲಿನಲ್ಲಿ ಯಾರೂ ನೀರು ಹಾಕದ ಜಾಗದಲ್ಲಿ ಬಿಸಿಲಿಗೆ ಬೇಯುವ ಕುಂಡದ ಕಥೆ ಇನ್ನೂ ಬೇರೆ.

ನಾನು ಮಸ್ಕತ್ತಿನಲ್ಲಿ ಪೈಪಿನ ಕೆಲಸದ ಫೋರ್‌ಮನ್ ಆಗಿದ್ದವನು. ದೊಡ್ಡ ದೊಡ್ಡ ಕಟ್ಟಡಗಳ ಕೊಳೆನೀರು, ಮಳೆನೀರು ಎಲ್ಲಿಂದ ಹೊರಟು ಎಲ್ಲಿಗೆ ಹೋಗಬೇಕು ಎಂದು ನೋಡುವುದೇ ನನ್ನ ಉದ್ಯೋಗ. ಊರಿಗೆ ಬಂದು ನೆಮ್ಮದಿಯಿಂದ ಕೂತೆ ಎನ್ನುವಷ್ಟರಲ್ಲಿ ಮಗಳು ಹೋದಳು. ಒಬ್ಬಳೇ ಮಗಳು. ಕಾರ್ಕಳದಲ್ಲಿ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು, ಇನ್ನಿಬ್ಬರು ಹುಡುಗಿಯರ ಜೊತೆ ಬಾಡಿಗೆ ಕೋಣೆಯಲ್ಲಿದ್ದಳು. ಆ ಜುಲೈಯಲ್ಲಿ ಅವರ ಓಣಿಯಲ್ಲಿ ನೀರು ನಿಂತಿತ್ತು. ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿಯಲ್ಲಿ ಸಣ್ಣ ಗಾಯವಾಗಿತ್ತಂತೆ, ಅದೇ ಕಾಲಿನಲ್ಲಿ ದಿನಾ ಆ ನೀರು ತುಳಿದು ಹೋಗಿ ಬಂದಿದ್ದಾಳೆ. ಜ್ವರ ಬಂತು. ಮಳೆಗೆ ನೆನೆದ ಜ್ವರ ಎಂದುಕೊಂಡು ಮಾತ್ರೆ ನುಂಗಿ ಪಾಠಕ್ಕೆ ಹೋದಳು. ಮಣಿಪಾಲಕ್ಕೆ ತಂದಾಗ ಇಲಿಜ್ವರ ಎಂದರು, ಕಿಡ್ನಿ ಕೆಲಸ ನಿಲ್ಲಿಸಿದೆ ಎಂದರು. ಡಾಕ್ಟರರು ಆಗುವಷ್ಟು ಮಾಡಿದರು. ಆಗಲಿಲ್ಲ.

ಮಣ್ಣು ಮಾಡಿದ ದಿನದ್ದನ್ನು ಹೇಳದಿದ್ದರೆ ಮುಂದಿನದ್ದು ಅರ್ಥವಾಗುವುದಿಲ್ಲ. ಬೆಳಿಗ್ಗೆ ಅಗೆದ ಗುಂಡಿ ಮಧ್ಯಾಹ್ನಕ್ಕೆ ಅರ್ಧ ತುಂಬಿತ್ತು. ಫಾದರ್ ಕೊಡೆಯ ಕೆಳಗೆ ನಿಂತು ಪ್ರಾರ್ಥನೆ ಓದುತ್ತಿದ್ದಾಗ ಇಬ್ಬರು ಬಕೆಟಿನಲ್ಲಿ ನೀರು ತೋಡಿ ಆಚೆ ಚೆಲ್ಲುತ್ತಿದ್ದರು. ತೋಡಿದಷ್ಟೂ ಬರುತ್ತಿತ್ತು. ಕೊನೆಗೆ ಇನ್ನು ಕಾಯುವುದರಲ್ಲಿ ಅರ್ಥವಿಲ್ಲವೆಂದು ಹಗ್ಗ ಹಿಡಿದು ಪೆಟ್ಟಿಗೆ ಇಳಿಸಿದರು. ಪೆಟ್ಟಿಗೆ ಮಣ್ಣಿಗೆ ತಾಗುವ ಸದ್ದು ಕೇಳಬೇಕಿತ್ತು. ನೀರಿಗೆ ತಾಗುವ ಸದ್ದು ಕೇಳಿತು. ನನ್ನ ಹೆಂಡತಿ ಆವರೆಗೆ ಎದೆ ಬಡಿದುಕೊಂಡು ಅಳುತ್ತಿದ್ದವಳು ಅಲ್ಲಿಗೆ ನಿಲ್ಲಿಸಿದಳು. ಆಮೇಲೆ ವರ್ಷಗಟ್ಟಲೆ ಅವಳು ನನ್ನೆದುರು ಅಳಲಿಲ್ಲ.

ಮನೆಯಲ್ಲಿ ಮಾತು ನಿಂತುಹೋಯಿತು. ಜಗಳವಾಡಿ ನಿಂತದ್ದಲ್ಲ. ಯಾವ ಮಾತು ಆಡಹೊರಟರೂ ಅದು ಮಗಳ ಕಡೆಗೆ ತಿರುಗುತ್ತಿತ್ತು, ತಿರುಗುವ ಮೊದಲೇ ನಾವು ನಾಲಿಗೆ ಕಚ್ಚಿಕೊಳ್ಳುತ್ತಿದ್ದೆವು. ಮೀನು ತರಲಾ ಎಂದು ಕೇಳಿದರೆ ಅವಳಿಗೆ ಇಷ್ಟವಾದ ಮೀನು ನೆನಪಾಗುತ್ತಿತ್ತು. ಫ್ಯಾನ್ ಸದ್ದು ಮಾಡುತ್ತದೆ ಎಂದರೆ ಅದು ಅವಳ ಕೋಣೆಯ ಫ್ಯಾನ್. ಹೀಗೆ ಬಿಡುತ್ತಾ ಬಿಡುತ್ತಾ ಕೊನೆಗೆ ಆಡಲು ಉಳಿದದ್ದು ಕುಂಡದ ಮಣ್ಣಿನ ವಿಷಯ ಒಂದೇ. ನಮ್ಮ ಮನೆಯ ಮಾತು ಕೊಂಕಣಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೇ.

ಸತ್ತ ಗಿಡದ ಕುಂಡವನ್ನು ಮನೆಗೆ ತಂದು ಬಾವಿಕಟ್ಟೆಯ ಹತ್ತಿರ ಬೋರಲು ಹಾಕಿದಳು. ಅಂಗಳದ ಕೆಂಪು ಮಣ್ಣನ್ನೇ ತುಂಬಿದ್ದಳಲ್ಲ, ಅದು ಕುಂಡದ ಆಕಾರದಲ್ಲೇ ಗಟ್ಟಿಯಾಗಿ ಹೊರಗೆ ಬಂತು. ಒಡೆದಾಗ ಒಳಗೆ ಇನ್ನೂ ಒದ್ದೆ. ಬೇರುಗಳು ಕಪ್ಪಾಗಿ, ಚರಂಡಿಯ ವಾಸನೆ ಬರುತ್ತಿತ್ತು. ಆ ವಾಸನೆ ನನಗೆ ಹೊಸದಲ್ಲ, ಗಾಳಿಯಾಡದ ನೀರಿನ ವಾಸನೆ.

"ನೀರು ನಿಂತಿದೆ," ಎಂದಳು. ಮತ್ತೆ ನನ್ನ ಮುಖ ನೋಡದೆ ಹೇಳಿದಳು, "ನೀರು ನಿಲ್ಲದ ಹಾಗೆ ಒಂದು ಮಾಡಿ ಕೊಡಿ. ನೀವು ಅದೇ ಕೆಲಸ ಮಾಡಿದವರಲ್ವಾ?"

ಅವಳು ಕೇಳಿದ್ದು ಏನು ಎಂದು ನನಗೆ ಆಗಲೇ ತಿಳಿಯಿತು. ಕೆಳಗೆ ನೀರಿನಲ್ಲಿರುವವಳನ್ನು ಎತ್ತಲು ನಮ್ಮಿಂದಾಗುವುದಿಲ್ಲ. ಮೇಲೆ ಅವಳ ಹೆಸರಿನಲ್ಲಿ ಇಟ್ಟದ್ದಾದರೂ ನೀರಿನಲ್ಲಿ ಕೊಳೆಯಬಾರದು. ಇದೊಂದು ಆಗದಿದ್ದರೆ ನನ್ನ ಹೆಂಡತಿ ಪೂರ್ತಿ ಮಂಕಾಗಿ ಹೋಗುತ್ತಾಳೆ ಎಂದು ನನಗೆ ಭಯವಾಯಿತು. ನಾನೂ ಅಷ್ಟೇ ಎಂದು ಈಗ ಅನಿಸುತ್ತದೆ.

ಇಷ್ಟು ವರ್ಷ ಪೈಪು ಹಾಕಿದವನಿಗೆ ಒಂದು ಕುಂಡದ ನೀರು ಹೊರಗೆ ಹಾಕುವುದು ಯಾವ ಲೆಕ್ಕ ಎಂಬ ಜಂಬವೂ ನನಗೆ ಇತ್ತು. ಇಂಗುಗುಂಡಿಗೆ ಮಾಡುವ ಹಾಗೆ ಮಾಡಿದೆ. ಕುಂಡದ ತೂತು ದೊಡ್ಡದು ಮಾಡಿ, ತಳಕ್ಕೆ ಅಂಗೈ ದಪ್ಪ ಜಲ್ಲಿ ಹಾಕಿ, ಅದರ ಮೇಲೆ ಸೋಸಿದ ಮಣ್ಣು ಮತ್ತು ಸೆಗಣಿಗೊಬ್ಬರ. ನೋಡಲು ಬಹಳ ಚೆಂದ. ಆ ಗಿಡವೂ ಮುಂದಿನ ಜುಲೈಯಲ್ಲಿ ಸತ್ತಿತು. ಬೋರಲು ಹಾಕಿ ನೋಡಿದರೆ ತಳದ ಜಲ್ಲಿ ಒಣಗಿ ಬೆಳ್ಳಗಿದೆ, ಅದರ ಮೇಲಿನ ಮಣ್ಣು ಮಾತ್ರ ಹಿಂಡಿದರೆ ನೀರು ಸುರಿಯುವಷ್ಟು ಒದ್ದೆ. ನುಣ್ಣಗಿನ ಮಣ್ಣು ತನ್ನ ನೀರನ್ನು ಕೆಳಗಿನ ಜಲ್ಲಿಗೆ ಬಿಟ್ಟುಕೊಡುವುದೇ ಇಲ್ಲ. ತನಗೆ ಹಿಡಿಯುವಷ್ಟು ತುಂಬಿಕೊಂಡು, ಹೆಚ್ಚಾದದ್ದನ್ನು ಮಾತ್ರ ಬಿಡುತ್ತದೆ. ನಾನು ತಳಕ್ಕೆ ಜಲ್ಲಿ ಹಾಕಿ ಮಾಡಿದ್ದು ಇಷ್ಟೇ: ನಿಂತ ನೀರನ್ನು ಬೇರಿನ ಇನ್ನಷ್ಟು ಹತ್ತಿರಕ್ಕೆ ಎತ್ತಿಕೊಟ್ಟದ್ದು. ಇಂಗುಗುಂಡಿಯ ಬುದ್ಧಿ ಕುಂಡಕ್ಕೆ ನಡೆಯಲಿಲ್ಲ.

"ಜಲ್ಲಿ ಕೆಳಗೆ ಹಾಕುದಲ್ಲ, ಮಣ್ಣಿನೊಟ್ಟಿಗೆ ಕಲಸ್ಬೇಕಾಗಿತ್ತು," ಎಂದಳು.

"ಅದನ್ನು ಮೊದಲೇ ಹೇಳ್ಬೇಕಿತ್ತು ಮಾರಾಯ್ತಿ."

"ನೀವು ಕೇಳಿದ್ರಾ?"

ಬಹಳ ದಿನದ ಮೇಲೆ ನಡೆದ ಜಗಳ. ನನಗೆ ಒಳಗೊಳಗೇ ಖುಷಿಯಾಯಿತು ಎಂದರೆ ಯಾರಿಗಾದರೂ ವಿಚಿತ್ರ ಅನಿಸಬಹುದು.

ಮೂರನೆಯ ಸಲ ಇಬ್ಬರೂ ಸೇರಿ ಕೆಡಿಸಿದೆವು. ಮಣ್ಣು ಹಗುರವಾಗಬೇಕು, ನಡುವೆ ಗಾಳಿ ಓಡಾಡಬೇಕು ಎಂದು ತೆಂಗಿನ ನಾರಿನ ಪುಡಿ ಕಲಸುವುದೆಂದಾಯಿತು. ಅಂಗಡಿಯಲ್ಲಿ ಇಟ್ಟಿಗೆಯ ಹಾಗೆ ಒತ್ತಿ ಕೋಕೋಪೀಟ್ ಎಂದು ಮಾರುತ್ತಾರಲ್ಲ, ಅದೇ. ತೆಂಗಿನ ನಾಡಿನಲ್ಲಿ ಹುಟ್ಟಿ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ತರುವುದೇ ಎಂದು ನಾನು ನಮ್ಮ ಓಮ್ನಿ ವ್ಯಾನ್ ತೆಗೆದುಕೊಂಡು ಉದ್ಯಾವರಕ್ಕೆ ಹೋದೆ. ಅಲ್ಲಿ ಹೊಳೆಯ ಬದಿಯಲ್ಲಿ ಒಬ್ಬರು ಸಿಪ್ಪೆ ನೆನೆಹಾಕಿ ನಾರು ಬಿಡಿಸುತ್ತಿದ್ದರು. ಉಳಿದ ಪುಡಿ ರಾಶಿ ಬಿದ್ದಿತ್ತು, ಬೇಕಾದಷ್ಟು ತೆಗೆದುಕೊಂಡು ಹೋಗಿ ಎಂದರು. ಕಡಲು ಹತ್ತಿರ, ಆ ಹೊಳೆಯ ನೀರು ಉಪ್ಪು. ಪುಡಿ ನಾಲಿಗೆಗೆ ಹಚ್ಚಿದರೂ ಗೊತ್ತಾಗುವಷ್ಟು ಉಪ್ಪು. ನಮಗಿಬ್ಬರಿಗೂ ಅದು ಗೊತ್ತಿತ್ತು. ಆದರೆ ನಮ್ಮ ಕಡೆ ತೆಂಗಿನ ಸಸಿ ನೆಡುವಾಗ ಗುಂಡಿಗೆ ಉಪ್ಪು ಹಾಕಿಯೇ ನೆಡುವುದು. ತೆಂಗಿಗೆ ಉಪ್ಪು ಬೇಕು, ಇದು ತೆಂಗಿನದ್ದೇ ಪುಡಿ, ಉಪ್ಪಿದ್ದರೆ ಒಳ್ಳೆಯದೇ ಎಂದು ಇಬ್ಬರೂ ತಲೆಯಾಡಿಸಿದೆವು. ಕುಂಡದಲ್ಲಿ ನೆಡುವುದು ಮಲ್ಲಿಗೆ ಎಂಬುದೇ ಮರೆತುಹೋಯಿತು. ಕರಾವಳಿಯ ಹೊರಗಿನವರಾದರೆ ಈ ತಪ್ಪು ಮಾಡುತ್ತಲೇ ಇರಲಿಲ್ಲ.

ಎಲೆಯ ಅಂಚು ಸುಟ್ಟ ಹಾಗೆ ಕಂದಿ, ನೀರು ಹಾಕಿದಷ್ಟೂ ಬಾಡಿ, ಗಿಡ ಹೋಯಿತು. ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ಎಲ್ಲರೂ ತಮ್ಮ ತಮ್ಮವರ ಸಮಾಧಿ ತೊಳೆದು, ಹೂ ಹಾಕಿ, ಮೊಂಬತ್ತಿ ಹಚ್ಚಿದ್ದರು. ನಮ್ಮ ಮಗಳ ತಲೆಯ ಹತ್ತಿರ ಒಣಗಿದ ಕಡ್ಡಿ ನಿಂತಿತ್ತು. ಪಕ್ಕದ ಸಮಾಧಿಗೆ ಬಂದಿದ್ದ ಹೆಂಗಸು ಒಳ್ಳೆಯ ಮನಸ್ಸಿನಿಂದಲೇ, "ಪ್ಲಾಸ್ಟಿಕ್ ಹೂ ಇಟ್ಟುಬಿಡಿ, ಸಾಯುದಿಲ್ಲ," ಎಂದರು. ನನ್ನ ಹೆಂಡತಿ ನಕ್ಕು ತಲೆಯಾಡಿಸಿದಳು. ಮನೆಗೆ ಬಂದವಳು ಕುಂಡವನ್ನು ಬಾವಿಕಟ್ಟೆಯ ಮೇಲಿಂದ ನೆಲಕ್ಕೆ ಎಸೆದು ಚೂರು ಮಾಡಿದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಊಟಕ್ಕೂ ಬರಲಿಲ್ಲ. ಅವಳು ಅಳುವುದಾದರೂ ಕೇಳಿಸಬಹುದೇ ಎಂದು ನಾನು ಬಾಗಿಲಿಗೆ ಕಿವಿಗೊಟ್ಟು ನಿಂತೆ. ಏನೂ ಕೇಳಿಸಲಿಲ್ಲ.

ಮರುದಿನ ಎದ್ದು ನೋಡುವಾಗ ಅವಳು ಅಂಗಳದ ಮೂಲೆಯಲ್ಲಿ ತರಗೆಲೆ ಗುಡಿಸುತ್ತಿದ್ದಳು.

"ಸುಡುಮಣ್ಣು ಮಾಡುವ," ಎಂದಳು.

ಶಂಕರಪುರದ ಕಡೆ ಮಲ್ಲಿಗೆಯ ಬುಡಕ್ಕೆ ಹಾಕುವ ಮಣ್ಣು ಅದು. ಒಣಗಿದ ಎಲೆ, ಮಲ್ಲಿಗೆ ಸವರಿದ ಕಡ್ಡಿ, ತೆಂಗಿನ ಸಿಪ್ಪೆ ಎಲ್ಲ ಹರಡಿ, ಅದರ ಮೇಲೆ ಮಣ್ಣು, ಮತ್ತೆ ಎಲೆ, ಮತ್ತೆ ಮಣ್ಣು, ಹೀಗೆ ಗುಡ್ಡೆ ಏರಿಸಿ ಬುಡಕ್ಕೆ ಬೆಂಕಿ ಕೊಡುವುದು. ಬೆಂಕಿ ಉರಿಯಬಾರದು. ಉರಿದರೆ ಬೂದಿಯಾಗುತ್ತದೆ, ಆರಿದರೆ ಮಣ್ಣು ಹಸಿಯಾಗಿಯೇ ಉಳಿಯುತ್ತದೆ. ಎಲ್ಲಿ ಜ್ವಾಲೆ ಎದ್ದಿತೋ ಅಲ್ಲಿ ಒಂದು ಹಾರೆ ಮಣ್ಣು ಹಾಕಬೇಕು, ಎಲ್ಲಿ ಹೊಗೆ ನಿಂತಿತೋ ಅಲ್ಲಿ ಕೋಲಿನಲ್ಲಿ ಚುಚ್ಚಿ ಗಾಳಿ ಬಿಡಬೇಕು. ದಿನಗಟ್ಟಲೆ ಒಳಗೊಳಗೇ ಬೇಯುತ್ತದೆ. ಅವಳು ತವರಿನಲ್ಲಿ ಮಾಡುತ್ತಿದ್ದಳು, ನಮ್ಮ ಮನೆಯಲ್ಲಿ ಮಗಳಿಗೆ ಹೊಗೆ ಆಗುವುದಿಲ್ಲವೆಂದು ಬಿಟ್ಟಿದ್ದಳು. ಈಗ ಆ ತೊಂದರೆ ಇಲ್ಲ.

ಹೊಗೆಯ ಎದುರು ಸ್ಟೂಲ್ ಹಾಕಿಕೊಂಡು ಕೂತಳು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು, ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದಳು. ಹೊಗೆಗೆ ಬಂದ ನೀರು ಯಾವುದು, ಉಳಿದದ್ದು ಯಾವುದು ಎಂದು ನಾನು ಕೇಳಲಿಲ್ಲ. ಚಹಾ ಮಾಡಿ ತಂದು ಕೊಟ್ಟೆ. ಆಚೆ ಮನೆಯವರು ಒಗೆದ ಬಟ್ಟೆ ಹೊಗೆ ವಾಸನೆ ಹಿಡಿಯಿತೆಂದು ಗೊಣಗಲು ಬಂದವರು, ಅವಳು ಕೂತ ರೀತಿ ನೋಡಿ ಹಾಗೇ ಹಿಂದೆ ಹೋದರು.

ಆರಿದ ಮೇಲೆ ಜರಡಿ ಹಿಡಿದೆವು. ಅಂಟುವ ಕೆಂಪು ಮಣ್ಣು ಸುಟ್ಟು ಇಟ್ಟಿಗೆ ಬಣ್ಣದ ಕಾಳುಗಳಾಗಿತ್ತು, ನಡುವೆ ಇದ್ದಿಲ ಚೂರು. ಕೈಯಲ್ಲಿ ಹಿಡಿದರೆ ಹಗುರ. ನೀರು ಹಾಕಿ ಕಲಸಿದರೂ ಮತ್ತೆ ಅಂಟಾಗುವುದಿಲ್ಲ. ನುಣ್ಣಗಿನ ಪುಡಿಯನ್ನು ಅವಳು ಅಂಗಳದ ಗಿಡಗಳಿಗೆ ಎಸೆದಳು. "ಪುಡಿ ಇದ್ರೆ ಕಾಳಿನ ನಡು ತುಂಬಿಕೊಳ್ತದೆ. ಕಾಳು ಮಾತ್ರ ಸಾಕು," ಎಂದಳು. ಇದಕ್ಕೆ ಕಡ್ಲೆಕಾಳಿನಷ್ಟು ದೊಡ್ಡ ಕಲ್ಲಿನ ಚೂರು ಕಲಸಿದರೆ ಇನ್ನೂ ಚೆನ್ನ ಎಂದು ನಾನು ಹೇಳಿದೆ. ಕಾಪುವಿನ ಕಡಲ ಬದಿಯ ಮರಳು ಬೇಡವೇ ಬೇಡ, ಉಪ್ಪಿನ ಪಾಠ ಒಮ್ಮೆ ಆಗಿದೆ. ಕಲ್ಲಿನ ಚೂರು ಬೇಕೆಂದರೆ ಕಾರ್ಕಳದ ಕ್ರಷರಿನಲ್ಲಿ ಸಿಗುತ್ತದೆ. ಉಡುಪಿಯ ಸುತ್ತಮುತ್ತಲೂ ಸಿಗುತ್ತಿತ್ತೋ ಏನೋ. ನನ್ನ ಬಾಯಿಂದ ಬಂದದ್ದು ಕಾರ್ಕಳ. ಮಗಳ ಸಾಮಾನು ತರಲು ಹೋದ ಮೇಲೆ ಆ ಊರಿಗೆ ನಾನು ಕಾಲಿಟ್ಟಿರಲಿಲ್ಲ.

ಕ್ರಷರಿನವನು ನನ್ನನ್ನು ನೋಡಿ ನಕ್ಕ.

"ಎರಡು ಚೀಲಕ್ಕೆ ಅಷ್ಟು ದೂರದಿಂದ ಬಂದ್ರಾ ಮಾರಾಯ್ರೆ? ಎಂತ ಕಟ್ಲಿಕ್ಕೆ?"

"ಕಟ್ಲಿಕ್ಕೆ ಅಲ್ಲ, ಗಿಡಕ್ಕೆ. ಪುಡಿ ಬೇಡ, ಸಣ್ಣ ಚೂರು ಮಾತ್ರ ಕೊಡಿ."

ಕ್ರಷರಿನ ಪುಡಿ ನೀರು ಕುಡಿದರೆ ಸಿಮೆಂಟಿನ ಹಾಗೆ ಹಿಡಿದುಕೊಳ್ಳುತ್ತದೆ ಎಂದು ನನಗೆ ಗೊತ್ತು. ಅವನ ಜರಡಿಯಲ್ಲೇ ಎರಡು ಸಲ ಸೋಸಿಸಿ ತುಂಬಿಸಿಕೊಂಡೆ.

ಬರುವಾಗ ಓಮ್ನಿ ಆ ಓಣಿಗೇ ತಿರುಗಿತು. ತಿರುಗಿಸಿದ್ದು ನಾನೇ, ಇನ್ಯಾರು. ಮಗಳಿದ್ದ ಕೋಣೆಯ ಮುಂದೆ ಬೇರೆ ಹುಡುಗಿಯರ ಚೂಡಿದಾರ ಒಣಗಲು ಹಾಕಿತ್ತು. ಓಣಿ ಒಣಗಿ ಧೂಳು ಎದ್ದಿತ್ತು. ತಗ್ಗಿನಲ್ಲಿ ಚರಂಡಿಯ ಬಾಯಿ ಇತ್ತು, ಅದರಲ್ಲಿ ಪ್ಲಾಸ್ಟಿಕ್ ತೊಟ್ಟೆ, ಎಳನೀರಿನ ಚಿಪ್ಪು, ಹರಿದ ಚಪ್ಪಲಿ ಕಿಕ್ಕಿರಿದು ಒಂದು ಬೊಟ್ಟು ನೀರು ಹೋಗುವಷ್ಟು ಜಾಗವಿರಲಿಲ್ಲ. ನನಗೆ ತಲೆ ಕೆಟ್ಟುಹೋಯಿತು. ಗಾಡಿ ನಿಲ್ಲಿಸಿ ಇಳಿದು, ಮೊಣಕಾಲೂರಿ ಕೂತು, ಎರಡೂ ಕೈಯಿಂದ ಎಳೆದು ಎಳೆದು ಹೊರಗೆ ಹಾಕಿದೆ. ಮೊಣಕೈವರೆಗೆ ಕೆಸರು. ಸ್ಕೂಟರಿನಲ್ಲಿ ಹೋಗುತ್ತಿದ್ದವನೊಬ್ಬ ನಿಲ್ಲಿಸಿ, "ಎಂತ ಬಿದ್ದದ್ದು ಸರ್? ಮೊಬೈಲಾ?" ಎಂದು ಕೇಳಿದ. ಹೌದು ಎಂದೆ. ಸ್ವಲ್ಪ ಹೊತ್ತು ಅವನೂ ಬಗ್ಗಿ ಹುಡುಕಿದ, ಪಾಪ. ಅವನು ಹೋದ ಮೇಲೆ ಅಲ್ಲೇ ರಸ್ತೆಯ ಬದಿ ಕೂತು ಅತ್ತೆ. ಮನೆಯಲ್ಲಿ ಅದನ್ನು ಹೇಳಲಿಲ್ಲ. ಅಂಗಿ ಯಾಕೆ ಹೀಗಾಗಿದೆ ಎಂದು ಅವಳು ಕೇಳಲೂ ಇಲ್ಲ, ಒಗೆದು ಹಾಕಿದಳು.

ಕಲಸುವ ಕೆಲಸಕ್ಕೆ ಒಂದು ಪೂರ್ತಿ ದಿನ ಹಿಡಿಯಿತು. ಸುಡುಮಣ್ಣಿನ ಕಾಳು ಎರಡು ಪಾಲು, ಕಲ್ಲಿನ ಚೂರು ಒಂದು ಪಾಲು. ನಾರಿನ ಪುಡಿಯನ್ನು ಈ ಸಲ ಬಾವಿಯ ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಕೊನೆಗೆ ನಾಲಿಗೆಗೆ ಹಚ್ಚಿ ನೋಡಿ ಒಂದು ಪಾಲು. ಹಳೆಯ ಸೆಗಣಿಗೊಬ್ಬರ ಅರ್ಧ ಪಾಲು, ಹಿಡಿಯಷ್ಟು ಕಡಲೆಹಿಂಡಿ. ತಳದ ತೂತಿಗೆ ಒಂದು ಹಂಚಿನ ಚೂರು ಮಾತ್ರ, ಮಣ್ಣು ಜಾರದಂತೆ. ಅವಳು ಕಲಸಿದ್ದನ್ನು ಒದ್ದೆ ಮಾಡಿ ಮುಷ್ಟಿಯಲ್ಲಿ ಒತ್ತಿ ಕೈ ಬಿಡಿಸುತ್ತಿದ್ದಳು. ಉಂಡೆ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು. ನಿಂತೇ ಇದ್ದರೆ ಇನ್ನಷ್ಟು ಕಲ್ಲು, ಮುಷ್ಟಿಯಲ್ಲೇ ಉದುರಿದರೆ ಇನ್ನಷ್ಟು ನಾರು. ನಾನು ಕುಂಡಕ್ಕೆ ಒಂದು ಬಕೆಟ್ ನೀರು ಸುರಿದು, ಕೆಳಗೆ ಬಗ್ಗಿ ನೋಡುತ್ತಿದ್ದೆ. ಸುರಿದು ಮುಗಿಸುವಷ್ಟರಲ್ಲಿ ಕೆಳಗಿನಿಂದ ಬಂದು, ಆಮೇಲೆ ಹನಿ ಹನಿಯಾಗಿ ನಿಂತಿತು. ಮಸ್ಕತ್ತಿನಲ್ಲಿ ಎಷ್ಟೋ ಮಹಡಿಯ ಕಟ್ಟಡದ ನೀರು ಸಲೀಸಾಗಿ ಇಳಿದಾಗಲೂ ನನಗೆ ಅಷ್ಟು ಸಮಾಧಾನವಾಗಿರಲಿಲ್ಲ.

ಆ ಗಿಡ ಮಳೆಗಾಲ ದಾಟಿತು. ಮುಂದಿನ ಬೇಸಿಗೆಯನ್ನೂ ದಾಟಿತು, ಭಾನುವಾರ ಪೂಜೆ ಮುಗಿಸಿ ಬರುವಾಗ ಅವಳು ಹಾಕುವ ಒಂದು ತಂಬಿಗೆ ನೀರಿನಲ್ಲೇ. ಹೂ ಬಿಟ್ಟಿತು. ಪ್ಲಾಸ್ಟಿಕ್ ಹೂವಿನ ಸಲಹೆ ಕೊಟ್ಟ ಹೆಂಗಸೇ ಬಂದು, ತನ್ನ ಗಂಡನಿಗೂ ಅಂಥ ಒಂದು ಕುಂಡ ಮಾಡಿಕೊಡಬಹುದೇ ಎಂದು ಕೇಳಿದರು. ಆಮೇಲೆ ಇನ್ನೊಬ್ಬರು. ನಮ್ಮ ಅಂಗಳದಲ್ಲಿ ತಿಂಗಳಿಗೊಮ್ಮೆ ಹೊಗೆ ಏಳತೊಡಗಿತು. ಆ ಸಾಲಿನಲ್ಲಿ ಏಳೆಂಟು ಸಮಾಧಿಗಳ ಮೇಲೆ ಮಲ್ಲಿಗೆ ಬಂತು. ನನ್ನ ಹೆಂಡತಿ ಆ ಹೆಂಗಸರ ಜೊತೆ ಮಣ್ಣಿನ ಬಗ್ಗೆ ಮಾತಾಡುತ್ತಿದ್ದಳು, ಒಂದೆರಡು ಸಲ ನಕ್ಕದ್ದೂ ಕೇಳಿಸಿತು. ಇನ್ನು ಹೀಗೇ ದಿನ ಕಳೆಯುತ್ತದೆ ಎಂದು ನಾನು ನಂಬಿದೆ.

ಹಾಗೆ ಕೆಲವು ವರ್ಷ ಕಳೆದ ಮೇಲೆ ಒಂದು ಭಾನುವಾರ ಪೂಜೆಯ ಕೊನೆಗೆ ಫಾದರ್ ಪ್ರಕಟಣೆ ಓದಿದರು. ಸಿಮೆಟರಿಯಲ್ಲಿ ಜಾಗವಿಲ್ಲ. ಇನ್ನು ಮುಂದೆ ಯಾರಾದರೂ ತೀರಿಕೊಂಡರೆ ಪಶ್ಚಿಮದ ಸಾಲಿನ ಹಳೆಯ ಸಮಾಧಿಗಳನ್ನು ಒಂದೊಂದಾಗಿ ತೆರೆಯಲಾಗುವುದು. ಮನೆಯವರು ತಮ್ಮ ಕುಂಡ, ಶಿಲುಬೆ ತೆಗೆದುಕೊಳ್ಳಬೇಕು. ಇದು ಹೊಸ ಕ್ರಮವೇನಲ್ಲ. ನನ್ನ ಅಪ್ಪನನ್ನೂ ಯಾರದೋ ಜಾಗದಲ್ಲೇ ಮಲಗಿಸಿದ್ದು, ಆಮೇಲೆ ಅಪ್ಪನ ಜಾಗದಲ್ಲಿ ಇನ್ಯಾರೋ ಮಲಗಿದರು. ತೆಗೆದ ಎಲುಬುಗಳನ್ನು ಗೋಡೆಯ ಬದಿಯ ಗುಂಡಿಗೆ ಹಾಕುತ್ತಾರೆ. ಎಲ್ಲರಿಗೂ ಆಗುವುದೇ ನಮಗೂ. ಆದರೆ ಆ ಸಾಲಿನಲ್ಲಿ ಮೊದಲು ಬರುವುದು ನಮ್ಮ ಮಗಳದ್ದು.

ನನ್ನ ಹೆಂಡತಿ ಮನೆಗೆ ಬಂದು ಸೀರೆ ಬದಲಿಸಿ ಹೊರಗೆ ಬಂದು ನನ್ನೆದುರು ನಿಂತಳು.

"ತೆಗೆಯುವಾಗ ನೀವು ಅಲ್ಲಿ ಇರ್ಬೇಕು. ನಾನು ಬರುದಿಲ್ಲ, ನನ್ನಿಂದ ಆಗುದಿಲ್ಲ. ಪೆಟ್ಟಿಗೆ ಇದ್ದ ಜಾಗದಲ್ಲಿ ನೀರು ಉಂಟಾ ಇಲ್ವಾ, ಅಷ್ಟು ನೋಡಿ ಬಂದು ನನಗೆ ಹೇಳಿ. ಬೇರೆ ಎಂತದೂ ಬೇಡ."

ಇಷ್ಟು ವರ್ಷ ಅವಳು ಹೊತ್ತುಕೊಂಡು ತಿರುಗಿದ ಪ್ರಶ್ನೆ ಅದು. ಅವತ್ತಿನ ನೀರು ಅವತ್ತೇ ಇಂಗಿತೋ, ಅಥವಾ ಪ್ರತಿ ಮಳೆಗಾಲವೂ ಮಗಳು ನೀರಿನಲ್ಲೇ ಇದ್ದಳೋ. ನಾನು ಹೂಂ ಎಂದೆ. ಆಮೇಲೆ ಇಗರ್ಜಿಯಲ್ಲಿ ಕೆಮ್ಮುವ ಮುದುಕರನ್ನು ನೋಡಿದಾಗಲೆಲ್ಲ, ದೇವರೇ, ಹೋಗುವುದಿದ್ದರೆ ಇವರು ಬೇಸಿಗೆಯಲ್ಲೇ ಹೋಗಲಿ ಎಂದು ಬೇಡಿಕೊಳ್ಳುತ್ತಿದ್ದೆ. ಬೇಸಿಗೆಯಲ್ಲಿ ತೆರೆದರೆ ಒಣಗಿರುತ್ತದೆ, ಒಣಗಿತ್ತು ಎಂದು ನಿಜವನ್ನೇ ಹೇಳಬಹುದು. ಬೇಸಿಗೆಯಲ್ಲಿ ಯಾರೂ ಸಾಯಲಿಲ್ಲ. ಆಗಸ್ಟಿನಲ್ಲಿ, ಆಟಿ ತಿಂಗಳ ಮಳೆ ಇನ್ನೂ ಬಿಡದಿದ್ದಾಗ, ನಮ್ಮ ಇಗರ್ಜಿಯ ಒಬ್ಬ ಅಜ್ಜಿ ತೀರಿಕೊಂಡರು.

ಅಗೆಯುವವರು ಇಬ್ಬರು, ಮೇಲೆ ಟರ್ಪಾಲು ಕಟ್ಟಿದ್ದರು. ಅವರ ಮಾತು ತುಳು. ಅವರಲ್ಲಿ ಹಿರಿಯವನು, ಊರವರು ನಮ್ಮ ಕ್ರೈಸ್ತರನ್ನು ಕರೆಯುವ ಹಾಗೆ, "ಪೊರ್ಬುಗಳೇ, ನೀವು ಆಚೆ ಕೂತ್ಕೊಳ್ಳಿ. ಇದು ನೋಡುವಂಥದ್ದಲ್ಲ," ಎಂದ. ನಾನು ಕದಲಲಿಲ್ಲ. ಎದೆಯಾಳದವರೆಗೆ ಕೆಂಪು ಮಣ್ಣು. ಅಲ್ಲಿಂದ ಕೆಳಗೆ ಬಿಳಿಯ ಶೇಡಿಮಣ್ಣು, ಹಾರೆಗೆ ಬೆಣ್ಣೆಯ ಹಾಗೆ ಅಂಟುವಂಥದ್ದು. ಶೇಡಿಯಲ್ಲಿ ನೀರು ಇಂಗುವುದಿಲ್ಲ, ಕೊಪ್ಪರಿಗೆಯಲ್ಲಿ ನಿಂತ ಹಾಗೆ ನಿಲ್ಲುತ್ತದೆ. ಬದಿಯಿಂದ ನೀರು ಜಿನುಗಿ ಬರುತ್ತಿತ್ತು. ಹಲಗೆಯ ತುಂಡುಗಳು ಕಪ್ಪಾಗಿ ಮೇಲೆ ತೇಲಿದವು. ಬಕೆಟ್ ಇಳಿಸಿದರು. ಇಬ್ಬರಿಂದ ಆಗುತ್ತಿಲ್ಲವೆಂದು ಕಂಡಾಗ ನಾನೂ ಇಳಿದೆ. ನನ್ನ ಮೊಣಕಾಲು ಮುಳುಗಿತು. ಬೇಡವೆನ್ನಲು ಹೋದ ಹಿರಿಯವನು ನನ್ನ ಮುಖ ನೋಡಿ ಬಕೆಟ್ ನನ್ನ ಕೈಗೆ ಕೊಟ್ಟ. ನಾನು ತೋಡಿದೆ. ನೀರು ಕಡಿಮೆಯಾದಾಗ ಅವರು ಬಗ್ಗಿ ಒಂದೊಂದಾಗಿ ಎತ್ತಿ ಬಿಳಿ ಬಟ್ಟೆಯ ಮೇಲಿಟ್ಟರು. ಅದನ್ನು ನಾನು ಬರೆಯುವುದಿಲ್ಲ.

ಇಗರ್ಜಿಯ ನಲ್ಲಿಯಲ್ಲಿ ಕಾಲು ತೊಳೆದು, ಪ್ಯಾಂಟು ಹಿಂಡಿ, ಕೊಡೆ ಬಿಡಿಸಿ ಮನೆಗೆ ನಡೆದೆ. ದಾರಿಯುದ್ದಕ್ಕೂ ಒಣಗಿತ್ತು, ಒಣಗಿತ್ತು ಎಂದು ಬಾಯಿಪಾಠ ಮಾಡಿದೆ. ಬೇರೆ ಯಾವುದೂ ಹೇಳಲು ಸಾಧ್ಯವೇ ಇರಲಿಲ್ಲ. ಹೇಳಿದರೆ ಅವಳು ಉಳಿಯುವುದಿಲ್ಲ ಎಂದೇ ಅನಿಸಿತ್ತು.

ಅವಳು ಅಡಿಗೆಮನೆಯ ಮೇಜಿನ ಹತ್ತಿರ ಕೂತಿದ್ದಳು. ಗಂಜಿ ಬಡಿಸಿ ಮುಚ್ಚಿಟ್ಟಿದ್ದಳು. ನಾನು ಕೂತೆ.

"ನೋಡಿದ್ರಾ?"

"ನೋಡಿದೆ."

"ನೀರು ಇತ್ತಾ?"

ಬಾಯಿ ತೆರೆದೆ. ಅವಳು ನನ್ನನ್ನು ನೇರವಾಗಿ ನೋಡುತ್ತಿದ್ದಳು. ಮಗಳು ಹೋದಲ್ಲಿಂದ ಆವರೆಗೆ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ.

"ಇತ್ತು," ಎಂದೆ. "ನನ್ನ ಮೊಣಕಾಲಿನವರೆಗೆ."

ಹೇಳಿದ ಮೇಲೆ ನಿಲ್ಲಿಸಲು ಆಗಲಿಲ್ಲ. ಕೆಳಗೆ ಶೇಡಿ ಇದ್ದದ್ದು, ನೀರು ಬದಿಯಿಂದ ಬಂದದ್ದು, ನಾನೇ ಇಳಿದು ತೋಡಿದ್ದು, ಕಾರ್ಕಳದ ಚರಂಡಿಯ ಎದುರು ಕೂತು ಅತ್ತದ್ದು, ಎಲ್ಲ ಒಂದರ ಹಿಂದೆ ಒಂದು ಬಂತು. ಅವಳು ಮೇಜಿನ ಅಂಚು ಹಿಡಿದುಕೊಂಡು ಪೂರ್ತಿ ಕೇಳಿದಳು.

"ನನಗೆ ಗೊತ್ತಿತ್ತು," ಎಂದಳು. "ಪ್ರತಿ ಮಳೆಗೂ ಗೊತ್ತಿತ್ತು. ನೀವು ಬಂದು ಇಲ್ಲ, ಒಣಗಿತ್ತು ಅಂತ ಹೇಳಿಬಿಡ್ತೀರೋ ಅಂತ ಬೆಳಿಗ್ಗೆಯಿಂದ ಹೆದರಿ ಕೂತಿದ್ದೆ. ಹಾಗೆ ಹೇಳಿದ್ರೆ ಇನ್ನು ನಾನು ಅವಳ ಮಾತು ಯಾರ ಹತ್ರ ಆಡುದು?"

ಅವಳು ಮೇಜಿನ ಮೇಲೆ ತಲೆಯಿಟ್ಟು ಅಳಲು ಶುರು ಮಾಡಿದಳು, ಸಿಮೆಟರಿಯಲ್ಲಿ ನಿಲ್ಲಿಸಿದ್ದ ಅಳು. ಅಳುವಿನ ನಡುವೆ ಮಗಳ ಹೆಸರು ಹಿಡಿದು ಕರೆದಳು. ನಾನೂ ಕರೆದೆ. ಮಗಳು ಹೋದ ಮೇಲೆ ನಮ್ಮ ಮನೆಯಲ್ಲಿ ಆ ಹೆಸರು ಕೇಳಿದ್ದು ಅವತ್ತೇ ಮೊದಲು.